ಕ್ರಿಯಾಪದ ಯಾರ ಮಾತು ಕೇಳುತ್ತದೆ?



ವ್ಯಾಕರಣ ಎಂಬ ಶಬ್ದ ಕಂಡ ಕೂಡಲೇ ಪುಟ ತಿರುವಿಬಿಡಬೇಡಿ. ಇದು ಪರೀಕ್ಷೆಯ ಪಾಠವಲ್ಲ. ಈ ಪುಟವನ್ನು ನೀವೇ ಓದುತ್ತಿದ್ದರೆ ಸಂತೋಷ. ಅಮ್ಮನೋ ಅಜ್ಜಿಯೋ ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಿದ್ದರೆ ಇನ್ನೂ ಸಂತೋಷ.

ಪುಣೆಯಲ್ಲಿ ಹುಟ್ಟಿ ಬೆಳೆದ ನೀವು ದಿನಕ್ಕೆ ನಾಲ್ಕು ಭಾಷೆಗಳಲ್ಲಿ ವ್ಯವಹರಿಸುತ್ತೀರಿ. ಕಾಲೇಜಿನಲ್ಲಿ, ಆಫೀಸಿನಲ್ಲಿ ಇಂಗ್ಲಿಷ್. ರಿಕ್ಷಾದವರೊಡನೆ, ಮಂಡಯಿಯ ಭಾಜಿಯವರೊಡನೆ ಮರಾಠಿ. ಗೆಳೆಯರ ಗುಂಪಿನಲ್ಲಿ ಹಿಂದಿ. ಮನೆಯೊಳಗೆ ಕಾಲಿಟ್ಟರೆ ಕನ್ನಡ. ಮೊದಲ ಮೂರರಲ್ಲಿ ನೀರಿನಂತೆ ಹರಿಯುವ ಮಾತು ನಾಲ್ಕನೆಯದರಲ್ಲಿ ಮಾತ್ರ ತಡವರಿಸುತ್ತದೆ. ಶಬ್ದ ಗೊತ್ತಿಲ್ಲವೆಂದಲ್ಲ. ಅನ್ನ, ಸಾರು, ಮನೆ, ಊರು ಎಲ್ಲವೂ ಗೊತ್ತು. ವಾಕ್ಯದ ಕೊನೆಗೆ ಬಂದಾಗ ‘ಬಂದನು’ ಎನ್ನಬೇಕೋ, ‘ಬಂದಳು’ ಎನ್ನಬೇಕೋ, ‘ಬಂತು’ ಎನ್ನಬೇಕೋ ಎಂಬ ಅಂಜಿಕೆ. ಮದುವೆಮನೆಯಲ್ಲಿ ಒಬ್ಬ ಹುಡುಗ ‘ಗಾಡಿ ಬಂದಳು’ ಎಂದ ಎನ್ನಿ. ಸುತ್ತ ಕುಳಿತ ನಾಲ್ಕು ಜನ ಹಿರಿಯರು ಬಿದ್ದು ಬಿದ್ದು ನಗುತ್ತಾರೆ. ಅವರ ನಗುವಿನಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಆ ಹುಡುಗ ಅಂದಿನಿಂದ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅಜ್ಜಿಗೆ ಇಂಗ್ಲಿಷ್ ಬಾರದು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಇಬ್ಬರ ನಡುವೆ ‘ಊಟ ಆಯ್ತಾ?’, ‘ಆಯ್ತು’ ಎಂಬೆರಡು ಮಾತು ಮಾತ್ರ ಉಳಿಯುತ್ತವೆ.

ಇನ್ನೊಂದು ಕಡೆ ನೋಡಿ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವರು ಕೂಡ ‘ಒನ್ ಆಫ್ ಮೈ ಫ್ರೆಂಡ್ಸ್ ಆರ್ ಕಮಿಂಗ್’ ಎಂದು ಸಲೀಸಾಗಿ ಬರೆಯುತ್ತಾರೆ. ಕಂಪ್ಯೂಟರು ಅಡಿಗೆರೆ ಎಳೆದು ತೋರಿಸಿದರೆ ತಿದ್ದುತ್ತಾರೆ, ಯಾಕೆ ತಪ್ಪು ಎಂದು ಕೇಳಿದರೆ ಹೆಗಲು ಹಾರಿಸುತ್ತಾರೆ. ಸಂದರ್ಶನದ ಕೋಣೆಯಲ್ಲಿ ಬಾಯಿಯಿಂದ ಬಂದ ಮಾತಿಗೆ ಅಡಿಗೆರೆ ಎಳೆಯುವವರು ಯಾರೂ ಇರುವುದಿಲ್ಲ.

ಕನ್ನಡದ ‘ಗಾಡಿ ಬಂದಳು’ ಮತ್ತು ಇಂಗ್ಲಿಷಿನ ‘ಫ್ರೆಂಡ್ಸ್ ಆರ್’ ಎರಡೂ ಒಂದೇ ಗಂಟು. ಕರ್ತೃಪದಕ್ಕೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಾಣಿಕೆಯ ಗಂಟು. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿ, ಆ ಮೇಲೆ ಸಂಸಾರ ನಡೆಸಿಕೊಂಡು ಬಂದವಳು. ಅಡುಗೆಮನೆಯಲ್ಲಿ ಮಕ್ಕಳಿಗೆ ಹೋಮ್‌ವರ್ಕ್ ಮಾಡಿಸುತ್ತ ಕಂಡುಕೊಂಡ ಸಂಗತಿ ಇದು: ಒಂದು ಭಾಷೆಯ ಗಂಟನ್ನು ಇನ್ನೊಂದು ಭಾಷೆಯ ತುದಿ ಹಿಡಿದು ಬಿಡಿಸಬಹುದು.

ವಾಕ್ಯದ ಎರಡು ಕಂಬಗಳು

‘ಅಜ್ಜಿ ಚಕ್ಕುಲಿ ಕರಿದರು.’ ಇಲ್ಲಿ ನಡೆದ ಕೆಲಸ ಕರಿಯುವುದು. ಅದನ್ನು ಹೇಳುವ ‘ಕರಿದರು’ ಕ್ರಿಯಾಪದ. ಯಾರು ಕರಿದರು? ಅಜ್ಜಿ. ಅದು ಕರ್ತೃಪದ. ಏನನ್ನು ಕರಿದರು? ಚಕ್ಕುಲಿಯನ್ನು. ಅದು ಕರ್ಮಪದ. ಯಾವ ಭಾಷೆಯಾದರೂ ಸರಿ, ಮೊದಲು ಕ್ರಿಯಾಪದವನ್ನು ಹಿಡಿಯಿರಿ, ಅದಕ್ಕೆ ‘ಯಾರು?’ ಅಥವಾ ‘ಯಾವುದು?’ ಎಂದು ಪ್ರಶ್ನೆ ಹಾಕಿ. ಬರುವ ಉತ್ತರವೇ ಕರ್ತೃ.

ಮರಾಠಿ ಪುಸ್ತಕದಲ್ಲಿ ಇವನ್ನೇ ಕರ್ತಾ, ಕರ್ಮ, ಕ್ರಿಯಾಪದ ಎಂದು ನೀವು ಓದಿರುತ್ತೀರಿ. ಒಂದು ಕಡೆ ಮಾತ್ರ ಜೋಪಾನ. ಮರಾಠಿ ಶಾಲೆಯ ವ್ಯಾಕರಣದಲ್ಲಿ ‘ನಾನು’ ಪ್ರಥಮ ಪುರುಷ. ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ನೀನು’ ಮಧ್ಯಮ ಪುರುಷ, ‘ಅವನು, ಅವಳು, ಅದು’ ಪ್ರಥಮ ಪುರುಷ. ಮರಾಠಿಯದು ಇಂಗ್ಲಿಷ್ ಎಣಿಕೆ, ನಮ್ಮದು ಸಂಸ್ಕೃತದ ಎಣಿಕೆ. ಅಪ್ಪ ಹೇಳಿಕೊಟ್ಟದ್ದೂ ಶಾಲೆಯ ಪುಸ್ತಕವೂ ಹೊಂದುವುದಿಲ್ಲವೆಂದು ಯಾರ ಮೇಲೂ ಸಿಟ್ಟಾಗಬೇಡಿ. ಇಬ್ಬರದೂ ಸರಿಯೇ.

ಇಂಗ್ಲಿಷಿನ ಜಿಪುಣತನ, ಕನ್ನಡದ ಧಾರಾಳತನ

ಇಂಗ್ಲಿಷಿನಲ್ಲಿ ‘ಬರುವುದು’ ಎಂಬ ಕ್ರಿಯೆಗೆ ವರ್ತಮಾನಕಾಲದಲ್ಲಿ ಎರಡೇ ರೂಪ. ಐ ಕಮ್, ಯು ಕಮ್, ವಿ ಕಮ್, ದೇ ಕಮ್. ಹಿ, ಶಿ, ಇಟ್ ಬಂದಾಗ ಮಾತ್ರ ಬಾಲಕ್ಕೊಂದು ‘ಸ್’ ಅಂಟಿಸಿ ಕಮ್ಸ್. ಭೂತಕಾಲದಲ್ಲಿ ಅದೂ ಇಲ್ಲ, ಎಲ್ಲರಿಗೂ ‘ಕೇಮ್’. ‘ಬಿ’ ಎಂಬ ಕ್ರಿಯಾಪದ ಮಾತ್ರ ಆ್ಯಮ್, ಈಸ್, ಆರ್, ವಾಸ್, ವರ್ ಎಂದು ಸ್ವಲ್ಪ ಶ್ರೀಮಂತಿಕೆ ಉಳಿಸಿಕೊಂಡಿದೆ.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಾನು, ನೀನು, ಅವನು ಎಂಬ ಮೂವರಿಗೂ ಬೇರೆ ಬೇರೆ ಬಾಲಗಳಿದ್ದವು, ಬಹುವಚನಕ್ಕೆ ಇನ್ನೊಂದಿತ್ತು. ಕಾಲ ಕಳೆದಂತೆ ಅವು ಸವೆದು ಉದುರಿದವು. 1611ರ ಇಂಗ್ಲಿಷ್ ಬೈಬಲ್ ತೆರೆದರೆ ‘ಕಮೆತ್’, ‘ಗೋಯೆತ್’ ಎಂಬ ಹಳೆಯ ರೂಪಗಳು ಕಾಣುತ್ತವೆ. ಇಂದು ನಾವು ಹೇಳುವ ‘ಸ್’ ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಿಂದ ಹರಡಿ ನಿಂತದ್ದು. ಬಾಲಗಳು ಹೋದದ್ದರಿಂದ ಇಂಗ್ಲಿಷಿನಲ್ಲಿ ಕರ್ತೃವನ್ನು ಬಾಯಿಬಿಟ್ಟು ಹೇಳಲೇಬೇಕು. ಬರಿಯ ‘ಕೇಮ್’ ಎಂದರೆ ಯಾರು ಬಂದರೆಂದು ತಿಳಿಯದು. ಮಳೆ ಬಂದರೂ ‘ಇಟ್ ಈಸ್ ರೇನಿಂಗ್’ ಎಂದು, ಯಾವ ಅರ್ಥವೂ ಇಲ್ಲದ ಒಂದು ‘ಇಟ್’ ಅನ್ನು ತಂದು ಕರ್ತೃವಿನ ಖುರ್ಚಿಯಲ್ಲಿ ಕೂರಿಸಬೇಕು.

ಕನ್ನಡಕ್ಕೆ ಆ ಕಷ್ಟವಿಲ್ಲ. ‘ಬಂದಳು’ ಎಂಬ ಒಂದೇ ಶಬ್ದ ಸಾಕು: ಬಂದದ್ದು ಒಬ್ಬಳು, ಹೆಂಗಸು, ಮಾತಾಡುವವಳೂ ಅಲ್ಲ, ಕೇಳುವವಳೂ ಅಲ್ಲ, ಕೆಲಸ ಮುಗಿದಿದೆ. ಇಷ್ಟೆಲ್ಲ ಮೂರಕ್ಷರದಲ್ಲಿ. ಅದಕ್ಕಾಗಿ ನಾವು ಕೊಡುವ ಬೆಲೆಯೆಂದರೆ ಒಂಬತ್ತು ಬಾಲಗಳು. ಹೆದರಬೇಡಿ, ಅವನ್ನು ಬಾಯಿಪಾಠ ಮಾಡಬೇಕಿಲ್ಲ. ಜೋರಾಗಿ ಓದಿ ನೋಡಿ:

ನಾನು ಬರುತ್ತೇನೆ. ನಾವು ಬರುತ್ತೇವೆ.
ನೀನು ಬರುತ್ತೀ. ನೀವು ಬರುತ್ತೀರಿ.
ಅವನು ಬರುತ್ತಾನೆ. ಅವಳು ಬರುತ್ತಾಳೆ. ಅವರು ಬರುತ್ತಾರೆ.
ಅದು ಬರುತ್ತದೆ. ಅವು ಬರುತ್ತವೆ.

ಕಿವಿಗೆ ಏನಾದರೂ ಬಿತ್ತೇ? ನಾನು ಎಂಬುದರ ‘ನ’ ಬರುತ್ತೇನೆಯಲ್ಲಿದೆ. ನಾವು ಎಂಬುದರ ‘ವ’ ಬರುತ್ತೇವೆಯಲ್ಲಿದೆ. ನೀನು, ನೀವು ಎರಡರ ‘ಈ’ ಸ್ವರ ಬರುತ್ತೀ, ಬರುತ್ತೀರಿಗಳಲ್ಲಿದೆ. ಅವಳು ಎಂಬುದರ ‘ಳ’ ಬರುತ್ತಾಳೆಯಲ್ಲಿ, ಅವರು ಎಂಬುದರ ‘ರ’ ಬರುತ್ತಾರೆಯಲ್ಲಿ, ಅದು ಎಂಬುದರ ‘ದ’ ಬರುತ್ತದೆಯಲ್ಲಿ ಕುಳಿತಿವೆ. ಸರ್ವನಾಮದ ಅಕ್ಷರವೇ ಕ್ರಿಯಾಪದದ ತುದಿಯಲ್ಲಿ ಪ್ರತಿಧ್ವನಿಸುತ್ತದೆ. ದ್ರಾವಿಡ ಭಾಷೆಗಳ ಈ ಗುಣವನ್ನು ಕಾಲ್ಡ್‌ವೆಲ್ ಎಂಬ ವಿದ್ವಾಂಸರು 1856ರ ತಮ್ಮ ತೌಲನಿಕ ವ್ಯಾಕರಣದಲ್ಲಿ ಚರ್ಚಿಸಿದ್ದಾರೆ. ಅವರಿಗಿಂತ ಆರುನೂರು ವರ್ಷ ಮುಂಚೆ, 13ನೆಯ ಶತಮಾನದಲ್ಲಿ, ನಮ್ಮ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕ್ರಿಯಾಪದಗಳಿಗೆಂದೇ ಆಖ್ಯಾತ ಪ್ರಕರಣ ಎಂಬ ಭಾಗವನ್ನು ಮೀಸಲಿಟ್ಟಿದ್ದ.

ಧಾರವಾಡದ ಅಜ್ಜ ‘ಬರತೇನಿ’ ಎನ್ನುತ್ತಾರೆ, ಮೈಸೂರಿನ ಮಾಮಿ ‘ಬರ್ತೀನಿ’ ಎನ್ನುತ್ತಾರೆ, ಮಂಗಳೂರಿನವರು ‘ಬರ್ತೇನೆ’ ಎನ್ನುತ್ತಾರೆ. ಮೂರರಲ್ಲೂ ‘ನ’ಕಾರ ಹೋಗಿಲ್ಲ, ನೋಡಿ. ಆ ಅಕ್ಷರವನ್ನು ಹಿಡಿದುಕೊಂಡರೆ ಯಾವ ಊರಿನ ಕನ್ನಡವಾದರೂ ನಿಮ್ಮ ಕೈಬಿಡುವುದಿಲ್ಲ.

ಹೊಸಬರಿಗೆ ಕನ್ನಡ ಒಂದು ರಿಯಾಯಿತಿಯನ್ನೂ ಕೊಟ್ಟಿದೆ. ‘ಇಲ್ಲ’ ಎನ್ನುವಾಗ ಬಾಲದ ಗೊಡವೆಯೇ ಇಲ್ಲ. ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ, ಬಸ್ಸು ಬರಲಿಲ್ಲ. ಬೇಕು, ಬೇಡ, ಸಾಕು, ಗೊತ್ತು ಇವುಗಳೂ ಹಾಗೆಯೇ. ಯಾರಿಗೂ ತಲೆ ಬಾಗುವುದಿಲ್ಲ. ಕನ್ನಡ ಕಲಿಯಲು ಹೊರಟವರು ಈ ಐದಾರು ಶಬ್ದಗಳಿಂದ ಶುರುಮಾಡಿದರೆ ಅರ್ಧ ದಾರಿ ನಡೆದಂತೆ.

ಬಸ್ಸು ಹೆಣ್ಣೇ, ಟ್ರಕ್ಕು ಗಂಡೇ?

ಈಗ ‘ಗಾಡಿ ಬಂದಳು’ ಎಂದ ಹುಡುಗನ ಕಡೆ ಬರೋಣ. ಅವನು ದಡ್ಡನಲ್ಲ. ಅವನ ತಲೆಯಲ್ಲಿ ಮರಾಠಿ ಚೆನ್ನಾಗಿ ಕೆಲಸ ಮಾಡುತ್ತಿದೆ, ಅಷ್ಟೆ.

ಮರಾಠಿಯಲ್ಲಿ ಬಸ್ ಆಲೀ, ಟ್ರಕ್ ಆಲಾ, ವಿಮಾನ ಆಲಂ. ಜೀವವಿಲ್ಲದ ವಸ್ತುವಿಗೂ ಗಂಡು, ಹೆಣ್ಣು, ನಪುಂಸಕ ಎಂಬ ಭೇದವಿದೆ. ಗಾಡಿ ಸ್ತ್ರೀಲಿಂಗ. ಆದ್ದರಿಂದ ‘ಗಾಡೀ ಆಲೀ’. ಅದನ್ನೇ ಹುಡುಗ ಪ್ರಾಮಾಣಿಕವಾಗಿ ಕನ್ನಡಕ್ಕೆ ತಂದ. ಕನ್ನಡದ ನಿಯಮ ಇದಕ್ಕಿಂತ ಸರಳ. ಮನುಷ್ಯರಲ್ಲಿ, ದೇವರಲ್ಲಿ ಮಾತ್ರ ಗಂಡು ಹೆಣ್ಣು. ಉಳಿದದ್ದೆಲ್ಲ ‘ಅದು’. ಬಸ್ಸು ಬಂತು, ಟ್ರಕ್ಕು ಬಂತು, ವಿಮಾನ ಬಂತು, ಹಸು ಬಂತು, ಹೋರಿ ಬಂತು. ಸೂರ್ಯ, ಚಂದ್ರರು ದೇವತೆಗಳಾದ್ದರಿಂದ ‘ಸೂರ್ಯ ಹುಟ್ಟಿದನು’ ಎನ್ನುತ್ತೇವೆ. ಮಗುವಿಗೆ ಮಾತ್ರ ಮೂರು ಭಾಷೆಗಳೂ ಒಂದಾಗುತ್ತವೆ: ಕನ್ನಡದಲ್ಲಿ ‘ಮಗು ಅಳುತ್ತಿದೆ’, ಮರಾಠಿಯ ‘ಮೂಲ್’ ನಪುಂಸಕ, ಇಂಗ್ಲಿಷಿನಲ್ಲೂ ಬೇಬಿಗೆ ‘ಇಟ್’ ಎನ್ನಬಹುದು.

ಎರಡನೆಯ ವ್ಯತ್ಯಾಸ ಇನ್ನೂ ಸ್ವಾರಸ್ಯದ್ದು. ಮರಾಠಿಯಲ್ಲಿ ‘ತ್ಯಾನೇ ಆಂಬಾ ಖಾಲ್ಲಾ, ತ್ಯಾನೇ ಪೋಳೀ ಖಾಲ್ಲೀ’ ಎನ್ನುತ್ತೀರಿ. ತಿಂದವನು ಅವನೇ. ಆದರೆ ಕ್ರಿಯಾಪದ ಕೇಳಿದ್ದು ಮಾವಿನಹಣ್ಣಿನ ಮಾತು, ಪೋಳಿಯ ಮಾತು! ಶಾಲೆಯಲ್ಲಿ ಓದಿದ ಕರ್ಮಣೀ ಪ್ರಯೋಗ ಇದೇ. ಕನ್ನಡದ ಕ್ರಿಯಾಪದ ಇಂಥ ಸಮಯದಲ್ಲೂ ನಿಷ್ಠೆ ಬದಲಿಸುವುದಿಲ್ಲ. ಅವನು ಹಣ್ಣು ತಿಂದನು, ಅವನು ಚಪಾತಿ ತಿಂದನು. ಏನನ್ನೇ ತಿನ್ನಲಿ, ತಿಂದವನು ಅವನು. ಈ ವಿಷಯದಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಪಕ್ಷ.

ಮೂರನೆಯದು ‘ಇದೆ’ಯ ಕಾಟ. ‘ನನ್ನ ಹೆಸರು ರಾಹುಲ್ ಇದೆ’, ‘ಅವರು ನನ್ನ ಅತ್ತೆ ಇದ್ದಾರೆ’ ಎಂದು ನಮ್ಮ ಮಕ್ಕಳು ಹೇಳುವುದನ್ನು ಕೇಳಿದ್ದೇನೆ. ಮರಾಠಿಯ ‘ಆಹೇ’, ಹಿಂದಿಯ ‘ಹೈ’, ಇಂಗ್ಲಿಷಿನ ‘ಈಸ್’ ಮೂರೂ ಸೇರಿ ತಳ್ಳುವಾಗ ಪಾಪ, ಮಕ್ಕಳು ಏನು ಮಾಡಬೇಕು! ಕನ್ನಡದಲ್ಲಿ ‘ನನ್ನ ಹೆಸರು ರಾಹುಲ್’, ‘ಅವರು ನನ್ನ ಅತ್ತೆ’. ಇಲ್ಲಿ ಕ್ರಿಯಾಪದವೇ ಬೇಡ. ಎರಡು ನಾಮಪದ ಪಕ್ಕಪಕ್ಕ ಇಟ್ಟರೆ ವಾಕ್ಯ ಪೂರ್ಣ.

ಸಾಂಗ್ಲಿ ಜಿಲ್ಲೆಯ ಒಂದು ಹಳ್ಳಿ

ಭಾಷೆಗಳು ಹೀಗೆ ಒಂದರ ಮೇಲೊಂದು ವಾಲುವುದು ನಿಮ್ಮಿಂದ ಶುರುವಾದದ್ದಲ್ಲ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬಿಬ್ಬರು ವಿದ್ವಾಂಸರು ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಪ್ರಪಂಚದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುತ್ತಾರೆ. ಆ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಇದ್ದವು. ಮನೆಯೊಳಗೆ ಪ್ರತಿಯೊಂದು ಸಮಾಜದವರು ತಮ್ಮ ತಮ್ಮ ಮಾತನ್ನು ಬಿಡದೆ ಆಡುತ್ತಿದ್ದರು. ಹೊರಗೆ ಎಲ್ಲರೊಡನೆಯೂ ಬೆರೆಯುತ್ತಿದ್ದರು. ತಲೆಮಾರುಗಳು ಕಳೆದಂತೆ ಏನಾಯಿತು ಗೊತ್ತೇ? ಶಬ್ದಗಳು ಬೇರೆ ಬೇರೆಯಾಗಿಯೇ ಉಳಿದವು. ವಾಕ್ಯದ ಕಟ್ಟು ಮಾತ್ರ ಒಂದೇ ಆಗುತ್ತ ಬಂತು.

ಅಲ್ಲಿನ ಮರಾಠಿ, ಕನ್ನಡದ ಲಿಂಗಪದ್ಧತಿಯನ್ನು ಕಲಿಯಿತು: ಮನುಷ್ಯರಿಗೆ ಮಾತ್ರ ಗಂಡು ಹೆಣ್ಣು, ಉಳಿದದ್ದಕ್ಕೆಲ್ಲ ನಪುಂಸಕ. ಅಲ್ಲಿನ ಕನ್ನಡವೋ, ‘ನಿಮ್ಮ ಮನೆ ಯಾವುದು?’ ಎನ್ನುವ ಕಡೆ ಮರಾಠಿ, ಉರ್ದುಗಳ ರೀತಿಯಲ್ಲಿ ಕೊನೆಗೊಂದು ‘ಐತಿ’ ಸೇರಿಸಿಕೊಂಡಿತು. ಎಂದರೆ ‘ನನ್ನ ಹೆಸರು ರಾಹುಲ್ ಇದೆ’ ಎನ್ನುವವರಿಗೆ ಸಾಂಗ್ಲಿಯಲ್ಲಿ ಹಳೆಯ ನೆಂಟರಿದ್ದಾರೆ!

ಹಾಗಾದರೆ ‘ಗಾಡಿ ಬಂದಳು’ ಎಂದೇ ಹೇಳಿಕೊಂಡು ಹೋಗೋಣವೇ ಎಂದು ಕೇಳಬಹುದು. ಬೇಡ. ಆ ಹಳ್ಳಿಯಲ್ಲಿ ಊರಿಗೆ ಊರೇ ಕೂಡಿ ಮಾತನ್ನು ಬದಲಿಸಿತು, ಆದ್ದರಿಂದ ಎಲ್ಲರಿಗೂ ಅರ್ಥವಾಯಿತು. ಪುಣೆಯ ಫ್ಲ್ಯಾಟಿನಲ್ಲಿ ನೀವೊಬ್ಬರೇ ಬದಲಿಸಿದರೆ ಬಿಜಾಪುರದಲ್ಲಿರುವ ಅಜ್ಜಿ ‘ಗಾಡಿ’ ಎಂಬುದು ಯಾರದೋ ಹೆಸರು ಎಂದುಕೊಂಡಾರು. ಕುಪ್ವಾರಿನಿಂದ ನಾವು ತೆಗೆದುಕೊಳ್ಳಬೇಕಾದ ಬುದ್ಧಿ ಬೇರೆ. ಭಾಷೆಗಳು ಬೆರೆಯುವುದು ನಾಚಿಕೆಯ ವಿಷಯವಲ್ಲ. ಬೆರೆತ ಮೇಲೂ ಮನೆಮಾತನ್ನು ಬಿಡದೆ ಆಡಬಹುದು.

ನಮ್ಮ ಪುಣೆಗೂ ಕನ್ನಡದ ವ್ಯಾಕರಣಕ್ಕೂ ನಂಟಿದೆ. ಯೆರವಡೆಯ ಡೆಕ್ಕನ್ ಕಾಲೇಜಿನ ಮುಂದೆ ಎಷ್ಟು ಸಲ ಹಾದುಹೋಗಿರುತ್ತೀರಿ! ಅಮೆರಿಕದ ವಿಲಿಯಂ ಬ್ರೈಟ್ ಅವರು ಆಡುಗನ್ನಡದ ರಚನೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1958ರಲ್ಲಿ ಹೊರಬಂದದ್ದು ಆ ಸಂಸ್ಥೆಯಿಂದಲೇ. ಇನ್ನು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದ ಒಬ್ಬ ತರುಣರ ಮನೆಮಾತು ಮರಾಠಿ. ಅವರು ಕವಿಯಾದದ್ದು ಕನ್ನಡದಲ್ಲಿ, ಜ್ಞಾನಪೀಠ ಪಡೆದದ್ದು ಕನ್ನಡಕ್ಕೆ. ದ.ರಾ. ಬೇಂದ್ರೆಯವರ ಮಾತು ಹೇಳುತ್ತಿದ್ದೇನೆ. ಮರಾಠಿ ಮನೆಮಾತಿನವರು ಅಷ್ಟು ಎತ್ತರದ ಕನ್ನಡ ಬರೆಯಬಹುದಾದರೆ, ಕನ್ನಡ ಮನೆಮಾತಿನ ನಮಗೆ ನಾಲ್ಕು ವಾಕ್ಯ ಸರಿಯಾಗಿ ಆಡುವುದು ಆಗದೇ?

ಹಸಿವಾದದ್ದು ಯಾರಿಗೆ?

‘ಐ ಆ್ಯಮ್ ಹಂಗ್ರಿ.’ ಇಲ್ಲಿ ಕರ್ತೃ ‘ಐ’. ಅದಕ್ಕೆ ತಕ್ಕಂತೆ ‘ಆ್ಯಮ್’. ಇದನ್ನೇ ಕನ್ನಡದಲ್ಲಿ ‘ನಾನು ಹಸಿವಾಗಿದ್ದೇನೆ’ ಎಂದರೆ ನೀವೇ ಹಸಿವಿನ ಅವತಾರ ತಾಳಿದಂತಾಯಿತು! ‘ನನಗೆ ಹಸಿವಾಗಿದೆ’ ಎನ್ನಬೇಕು. ಯಾವುದು ಆಗಿದೆ? ಹಸಿವು. ಅದೇ ಕರ್ತೃ. ಹಸಿವು ‘ಅದು’, ಆದ್ದರಿಂದ ‘ಆಗಿದೆ’. ‘ನನಗೆ’ ಎಂಬುದು ಆ ಹಸಿವು ಬಂದು ತಲುಪಿದ ವಿಳಾಸ. ಮರಾಠಿಯ ‘ಮಲಾ ಭೂಕ್ ಲಾಗಲೀ’ ಕೂಡ ಇದೇ ಜಾತಿಯದು. ಅದನ್ನು ನೆನೆದುಕೊಂಡರೆ ಸಾಕು. ಚಳಿ, ನೆಗಡಿ, ಸಿಟ್ಟು, ಬೇಸರ, ಸಂತೋಷ, ನೆನಪು ಎಲ್ಲವೂ ನಮ್ಮಲ್ಲಿಗೆ ಬರುತ್ತವೆ, ಹೋಗುತ್ತವೆ. ಕನ್ನಡದ ವಾಕ್ಯದಲ್ಲಿ ಬೇಸರ ಬಂದಿದೆಯೇ ಹೊರತು ನಾವೇ ಬೇಸರ ಆಗಿಲ್ಲ. ಎಷ್ಟು ನೆಮ್ಮದಿ, ಅಲ್ಲವೇ?

ಸಂಬಂಧಗಳೂ ಹಾಗೆಯೇ. ‘ಐ ಹ್ಯಾವ್ ಟೂ ಸಿಸ್ಟರ್ಸ್’ ಎಂಬಲ್ಲಿ ಕರ್ತೃ ‘ಐ’. ಕನ್ನಡದಲ್ಲಿ ‘ನನಗೆ ಇಬ್ಬರು ತಂಗಿಯರಿದ್ದಾರೆ’. ಯಾರು ಇದ್ದಾರೆ? ತಂಗಿಯರು. ಕ್ರಿಯಾಪದ ಕೇಳುವುದು ಅವರ ಮಾತನ್ನು. ಜೊತೆಗೆ ಮನುಷ್ಯರನ್ನು ಎಣಿಸುವಾಗ ಒಬ್ಬ, ಒಬ್ಬಳು, ಇಬ್ಬರು, ಮೂವರು ಎನ್ನಬೇಕು. ‘ಎರಡು ತಂಗಿ’ ಎಂದರೆ ಎರಡು ತೆಂಗಿನಕಾಯಿ ಎಂದಂತೆ ಕೇಳಿಸುತ್ತದೆ.

ಕನ್ನಡದ ತುದಿ ಹಿಡಿದು ಇಂಗ್ಲಿಷ್ ಗಂಟು

ಇನ್ನು ಇಂಗ್ಲಿಷಿನ ಗಂಟುಗಳು. ಅವುಗಳಲ್ಲಿ ಹೆಚ್ಚಿನವು ಒಂದೇ ಕಾರಣದಿಂದ ಬೀಳುತ್ತವೆ. ‘ದ ಲಿಸ್ಟ್ ಆಫ್ ಬುಕ್ಸ್ ಈಸ್ ಆನ್ ದ ಟೇಬಲ್.’ ಇಲ್ಲಿ ಕರ್ತೃ ‘ಲಿಸ್ಟ್’. ಆದರೆ ಕ್ರಿಯಾಪದದ ಮಗ್ಗುಲಲ್ಲಿ ಕುಳಿತಿರುವುದು ‘ಬುಕ್ಸ್’. ಕೈಯಳತೆಯಲ್ಲಿರುವ ಬಹುವಚನ ನೋಡಿ ಬಾಯಿ ‘ಆರ್’ ಎನ್ನಲು ಹೊರಡುತ್ತದೆ.

ಇದನ್ನೇ ಕನ್ನಡದಲ್ಲಿ ಹೇಳಿ: ‘ಪುಸ್ತಕಗಳ ಪಟ್ಟಿ ಮೇಜಿನ ಮೇಲಿದೆ.’ ‘ಪಟ್ಟಿ ಇವೆ’ ಎಂದು ಯಾರಾದರೂ ಅಂದಾರೆಯೇ? ಇಲ್ಲ. ಏಕೆಂದರೆ ಕನ್ನಡದಲ್ಲಿ ವಿಶೇಷಣಗಳೆಲ್ಲ ಮುಂಚೆ ಬಂದು, ಮುಖ್ಯ ಶಬ್ದ ಆ ಗುಂಪಿನ ಕೊನೆಗೆ ನಿಲ್ಲುತ್ತದೆ. ‘ಪುಸ್ತಕಗಳ’ ಎಂಬುದಕ್ಕೆ ಷಷ್ಠಿ ವಿಭಕ್ತಿ ಹತ್ತಿದೆ, ಅದು ಕರ್ತೃವಾಗಲಾರದು. ಆದ್ದರಿಂದ ಇಂಗ್ಲಿಷಿನಲ್ಲಿ ಸಂಶಯ ಬಂದಾಗ ಮನಸ್ಸಿನಲ್ಲೇ ಒಮ್ಮೆ ಕನ್ನಡ ಮಾಡಿ ನೋಡಿ. ಕೆಲವು ಉದಾಹರಣೆಗಳು:

‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಕಮಿಂಗ್.’ ನನ್ನ ಗೆಳೆಯರಲ್ಲಿ ಒಬ್ಬ ಬರುತ್ತಿದ್ದಾನೆ. ಕರ್ತೃ ‘ಒಬ್ಬ’. ಆದ್ದರಿಂದ ಈಸ್.

‘ಮೈ ಬ್ರದರ್, ಅಲಾಂಗ್ ವಿತ್ ಹಿಸ್ ಫ್ರೆಂಡ್ಸ್, ಹ್ಯಾಸ್ ಕಮ್.’ ನನ್ನ ಅಣ್ಣ ಗೆಳೆಯರೊಂದಿಗೆ ಬಂದಿದ್ದಾನೆ. ಗೆಳೆಯರಿಗೆ ‘ಒಂದಿಗೆ’ ಹತ್ತಿದೆ, ಅವರು ಕರ್ತೃವಲ್ಲ. ಆದರೆ ‘ಅಣ್ಣನೂ ಅವನ ಗೆಳೆಯರೂ’ ಎಂದರೆ ಬಂದಿದ್ದಾರೆ. ಇಂಗ್ಲಿಷಿನಲ್ಲೂ ‘ಆ್ಯಂಡ್’ ಬಂದರೆ ಹ್ಯಾವ್.

‘ದ ನ್ಯೂಸ್ ಈಸ್ ಗುಡ್.’ ಕೊನೆಗೆ ‘ಸ್’ ಇದ್ದ ಮಾತ್ರಕ್ಕೆ ಬಹುವಚನವಲ್ಲ. ಸುದ್ದಿ ಚೆನ್ನಾಗಿದೆ. ಮ್ಯಾಥಮ್ಯಾಟಿಕ್ಸ್ ಕೂಡ ಹಾಗೆಯೇ, ಗಣಿತ ಕಷ್ಟವಾಗಿದೆ.

‘ದ ಪೊಲೀಸ್ ಹ್ಯಾವ್ ಕಮ್.’ ಕೊನೆಗೆ ‘ಸ್’ ಕಾಣದಿದ್ದರೂ ಬಹುವಚನ. ಪೊಲೀಸರು ಬಂದಿದ್ದಾರೆ.

‘ಟೆನ್ ಥೌಸಂಡ್ ರುಪೀಸ್ ಈಸ್ ಎನಫ್.’ ಹತ್ತು ಸಾವಿರ ರೂಪಾಯಿ ಆದರೆ ಆಗುತ್ತದೆ. ಅದು ಒಂದು ಮೊತ್ತ.

‘ಟೀಮ್’, ‘ಕಮಿಟಿ’, ‘ಫ್ಯಾಮಿಲಿ’ಗಳಿಗೆ ಬ್ರಿಟಿಷರು ಈಸ್, ಆರ್ ಎರಡನ್ನೂ ಬಳಸುತ್ತಾರೆ, ಅಮೆರಿಕದವರು ಹೆಚ್ಚಾಗಿ ಈಸ್. ಕನ್ನಡದಲ್ಲೂ ಎರಡೂ ಉಂಟು: ‘ಸಮಿತಿ ನಿರ್ಧರಿಸಿದೆ’, ‘ಸಮಿತಿಯವರು ನಿರ್ಧರಿಸಿದ್ದಾರೆ’. ಒಂದರಲ್ಲಿ ಸಮಿತಿ ಒಂದು ವಸ್ತು, ಇನ್ನೊಂದರಲ್ಲಿ ಹತ್ತು ಜನ.

ಕನ್ನಡ ದಾರಿ ತಪ್ಪಿಸುವ ಎರಡು ಜಾಗಗಳನ್ನೂ ಹೇಳಿಬಿಡುತ್ತೇನೆ. ‘ಎವ್ರಿವನ್’ ಎಂದರೆ ‘ಎಲ್ಲರೂ’ ಎಂದುಕೊಂಡರೆ ‘ಬಂದಿದ್ದಾರೆ’ ಎಂಬ ಬಹುವಚನ ಬಂದು ‘ಎವ್ರಿವನ್ ಹ್ಯಾವ್’ ಆಗುತ್ತದೆ. ಅದನ್ನು ‘ಪ್ರತಿಯೊಬ್ಬ’ ಎಂದುಕೊಳ್ಳಿ. ಪ್ರತಿಯೊಬ್ಬನೂ ಬಂದಿದ್ದಾನೆ, ಎವ್ರಿವನ್ ಹ್ಯಾಸ್ ಕಮ್. ಎರಡನೆಯದು, ಆಡುಮಾತಿನಲ್ಲಿ ನಾವು ‘ಹತ್ತು ಪುಸ್ತಕ ಇದೆ’ ಎಂದುಬಿಡುತ್ತೇವೆ. ಆ ರೂಢಿಯಿಂದ ‘ದೇರ್ ಈಸ್ ಟೆನ್ ಬುಕ್ಸ್’ ಎಂದು ಬರೆಯಬೇಡಿ. ಬರವಣಿಗೆಯ ಕನ್ನಡವನ್ನು ನೆನೆಯಿರಿ: ಹತ್ತು ಪುಸ್ತಕಗಳಿವೆ. ಆಗ ‘ಆರ್’ ತಾನಾಗಿ ಬರುತ್ತದೆ.

ಒಬ್ಬರೇ ಬಂದರೂ ‘ಬಂದರು’

‘ಅಪ್ಪ ಬಂದರು.’ ಬಂದದ್ದು ಒಬ್ಬರೇ, ಕ್ರಿಯಾಪದ ಮಾತ್ರ ಬಹುವಚನ. ಇದಕ್ಕೆ ಗೌರವ ಬಹುವಚನ ಎನ್ನುತ್ತಾರೆ. ಮರಾಠಿಯಲ್ಲೂ ‘ಬಾಬಾ ಆಲೇ’. ತಾಯಿಯ ವಿಷಯದಲ್ಲಿ ಮನೆಮನೆಗೂ ಪದ್ಧತಿ ಬೇರೆ. ಕೆಲವರಲ್ಲಿ ‘ಅಮ್ಮ ಬಂದರು’, ಕೆಲವರಲ್ಲಿ ಸಲುಗೆಯಿಂದ ‘ಅವ್ವ ಬಂದಳು’. ಮರಾಠಿಯ ‘ಆಯೀ ಆಲೀ’ ಈ ಎರಡನೆಯ ಬಗೆಯದು. ನಿಮ್ಮ ಮನೆಯ ಹಿರಿಯರು ಹೇಗೆ ಹೇಳುತ್ತಾರೋ ಹಾಗೆ ಹೇಳಿ. ಅತ್ತೆ, ಮಾವ, ದೊಡ್ಡಪ್ಪ, ಗುರುಗಳು, ಪರಿಚಯವಿಲ್ಲದವರು ಇವರಿಗೆಲ್ಲ ‘ಬಂದರು’ ಎಂದರೆ ಯಾವ ಊರಿನಲ್ಲೂ ಮೋಸವಿಲ್ಲ.

ಇಂಗ್ಲಿಷಿನಲ್ಲಿ ಗೌರವವೇ ಇಲ್ಲ, ಎಲ್ಲರಿಗೂ ‘ಯು’ ಎಂದು ಹಿರಿಯರು ದೂರುವುದುಂಟು. ನಿಜ ಹೇಳಬೇಕೆಂದರೆ ‘ಯು’ ಎಂಬುದೇ ‘ನೀವು’. ‘ನೀನು’ ಎನ್ನಲು ‘ದೌ’ ಎಂಬ ಶಬ್ದವಿತ್ತು. ಎಲ್ಲರಿಗೂ ಬಹುವಚನ ಕೊಟ್ಟು ಕೊಟ್ಟು ಇಂಗ್ಲಿಷರು ‘ನೀನು’ ಎಂಬುದನ್ನೇ ಮರೆತರು! ಅದಕ್ಕೇ ಒಬ್ಬರೇ ಎದುರಿಗಿದ್ದರೂ ‘ಯು ಆರ್’. 18ನೆಯ ಶತಮಾನದಲ್ಲಿ ಒಬ್ಬರಿಗೆ ‘ಯು ವಾಸ್’ ಎಂದು ಬರೆಯುವವರೂ ಬಹಳ ಜನ ಇದ್ದರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಅದು ತಪ್ಪೆಂದರು. ಈಗ ಗಂಡೋ ಹೆಣ್ಣೋ ಎಂದು ಹೇಳದೆ ಒಬ್ಬರನ್ನು ಸೂಚಿಸಲು ‘ದೇ’ ಬಳಸುತ್ತಾರೆ. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು 2019ರಲ್ಲಿ ಅದನ್ನು ವರ್ಷದ ಶಬ್ದವೆಂದು ಆರಿಸಿದರು. ಒಬ್ಬರೇ ಆದರೂ ‘ದೇ ಆರ್’. ಕೆಲವರಿಗೆ ಇದು ವಿಚಿತ್ರ. ‘ಡಾಕ್ಟರು ಬಂದರು, ಅವರು ಔಷಧಿ ಕೊಟ್ಟರು’ ಎನ್ನುವ ನಮಗೆ ವಿಚಿತ್ರವೇನಿದೆ? ಡಾಕ್ಟರು ಗಂಡೋ ಹೆಣ್ಣೋ ನಾವು ಹೇಳಿದೆವೇ?

ಈಗ ನೀವು ಮಾಡಬೇಕಾದದ್ದು

ಪುಸ್ತಕ ಹಿಡಿದು ಕೂರಬೇಕಿಲ್ಲ. ವಾರಕ್ಕೊಮ್ಮೆ ಊರಿಗೆ ಫೋನ್ ಮಾಡಿದಾಗ ಆ ದಿನ ನಡೆದ ಐದು ಸಂಗತಿಗಳನ್ನು ಕನ್ನಡದಲ್ಲಿ ಹೇಳಿ. ನಾನು ಎದ್ದೆ. ಬಸ್ಸು ಬರಲಿಲ್ಲ. ಗೆಳತಿ ಬಂದಳು. ಸರ್ ಬೈದರು. ನನಗೆ ಬೇಸರವಾಯಿತು. ಐದೇ ವಾಕ್ಯ, ಆದರೆ ನಾನು, ಅವಳು, ಅವರು, ಅದು ಎಲ್ಲವೂ ಬಂದು ಹೋದವು. ಮುಂದಿನ ವಾರ ಆರು ಹೇಳಿ. ಹಾಡ್ತಾ ಹಾಡ್ತಾ ರಾಗ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಬಾಲ ತಪ್ಪಿದರೆ ತಪ್ಪಲಿ, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಇಂಗ್ಲಿಷಿಗೆ ಹಾರಬೇಡಿ. ತಪ್ಪು ವಾಕ್ಯವನ್ನು ಯಾರಾದರೂ ತಿದ್ದಬಹುದು. ಆಡದ ವಾಕ್ಯವನ್ನು ತಿದ್ದುವುದು ಹೇಗೆ?

ಇದನ್ನು ಓದಿ ಹೇಳುತ್ತಿರುವ ಹಿರಿಯರಿಗೂ ಒಂದು ಮಾತು. ಮಗು ‘ಗಾಡಿ ಬಂದಳು’ ಎಂದರೆ ನಗಬೇಡಿ, ಪಾಠವನ್ನೂ ಮಾಡಬೇಡಿ. ‘ಹೌದಾ, ಗಾಡಿ ಬಂತಾ? ಯಾರು ಬಂದರು ಅದರಲ್ಲಿ?’ ಎಂದು ಸರ್ರನೆ ಮಾತು ಮುಂದುವರಿಸಿ. ಸರಿಯಾದ ರೂಪ ಕಿವಿಗೆ ಬಿದ್ದಿರುತ್ತದೆ, ಮಾತೂ ನಿಂತಿರುವುದಿಲ್ಲ.

ಮಕ್ಕಳೇ, ಅಜ್ಜ ಅಜ್ಜಿಯರ ಬಳಿ ಹೇಳುವುದು ಬಹಳ ಇದೆ. ಊರಿನ ಕಥೆ, ಮನೆತನದ ಕಥೆ, ನಿಮ್ಮ ಅಪ್ಪ ಚಿಕ್ಕವರಿದ್ದಾಗ ಮಾಡಿದ ಕಿತಾಪತಿ, ಯಾವ ಪುಸ್ತಕದಲ್ಲೂ ಸಿಗದ ಅಡುಗೆ. ಅವೆಲ್ಲ ಇರುವುದು ಕನ್ನಡದಲ್ಲಿ. ಕೇಳುವವರು ಎದುರು ಮಾತಾಡಿದರೆ ಮಾತ್ರ ಹೇಳುವವರಿಗೆ ಹುರುಪು. ಇವತ್ತು ರಾತ್ರಿ ಊಟವಾದ ಮೇಲೆ ಊರಿಗೊಂದು ಫೋನ್ ಹಚ್ಚಿ. ‘ಊಟ ಆಯ್ತು’ ಎಂಬಲ್ಲಿಗೆ ನಿಲ್ಲಿಸದೆ ಇನ್ನೊಂದು ವಾಕ್ಯ ಸೇರಿಸಿ. ಬಾಲ ಯಾವುದು ಹಚ್ಚಬೇಕೆಂದು ತಿಳಿಯದಿದ್ದರೆ ಅಜ್ಜಿಯನ್ನೇ ಕೇಳಿ. ಮಾತು ಬೆಳೆಸಲು ಅದಕ್ಕಿಂತ ಒಳ್ಳೆಯ ನೆಪ ಬೇಕೇ?